ಅರಿಶಿನ ಹಚ್ಚಿದ ಟೇಪ್‌ಗಳು

ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಮಿರಜದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ತನ್ನ ಗೋಳು ಹೇಳಿಕೊಂಡಳು. ಮೇನ್‌ಫ್ರೇಮಿನ ಟೇಪ್ ವ್ಯವಸ್ಥೆಯಿಂದ ಕೆಲಸಕ್ಕೆ ಬಾರದ ಹಳೆಯ ವಾಲ್ಯೂಮ್‌ಗಳನ್ನು ತೆಗೆದುಹಾಕಬೇಕಂತೆ, ಹೇಗೆಂದು ನನ್ನನ್ನು ಕೇಳಿಕೊಂಡು ಬಾ ಎಂದು ಕಳಿಸಿದ್ದಾರಂತೆ. ಅದಕ್ಕೆ ಒಂದು ಸಾಲಿನ ಆಜ್ಞೆ ಸಾಕು, ಚಹಾ ಆರುವುದರೊಳಗೆ ಹೇಳಿಕೊಟ್ಟೆ. ಆದರೆ ಆಜ್ಞೆ ಕೊಡುವ ಮೊದಲು ಯಾರನ್ನು ಕೇಳಬೇಕು, ಕೊಟ್ಟ ಮೇಲೆ ಯಾರು ‘ನಾನು ಹೇಳೇ ಇಲ್ಲ’ ಎನ್ನುತ್ತಾರೆ ಎಂಬುದು ಒಂದು ಚಹಾದಲ್ಲಿ ಮುಗಿಯುವ ಪಾಠವಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ಕಥೆ ಇದರಲ್ಲಿಲ್ಲ. ಬಂದದ್ದೇ ಎರಡು, ಅದರಲ್ಲಿ ಒಂದು ಬೇರೆ ಯಾರದೋ ತಪ್ಪಿ ನನಗೆ ಬಂದದ್ದು.

ನಾನು ಕೆಲಸ ಮಾಡಿದ್ದು ಸಾಂಗ್ಲಿಯ ಒಂದು ಸಹಕಾರಿ ಸಂಸ್ಥೆಯ ಕಂಪ್ಯೂಟರ್ ಕೇಂದ್ರದಲ್ಲಿ. ಹೆಸರು ಬೇಡ, ಪಿಂಚಣಿ ಅಲ್ಲಿಂದಲೇ ಬರುತ್ತದೆ. ಟೇಪ್ ಲೈಬ್ರರಿಯನ್ ಎಂಬುದು ನನ್ನ ಹುದ್ದೆ. ನಾನು ಪುಸ್ತಕ ಕೊಡುವವಳೆಂದು ನಮ್ಮವ್ವ ಕೊನೆಯವರೆಗೂ ಊರಲ್ಲಿ ಹೇಳಿಕೊಂಡು ಬಂದಳು, ನಾನೂ ತಿದ್ದಲು ಹೋಗಲಿಲ್ಲ. ಮೇನ್‌ಫ್ರೇಮ್ ಎಂದರೆ ಇಡೀ ಸಂಸ್ಥೆಯ ಲೆಕ್ಕ ನಡೆಸುವ ದೊಡ್ಡ ಯಂತ್ರ. ದಿನದ ಕೆಲಸ ಮುಗಿದ ಮೇಲೆ ಅದು ಎಲ್ಲವನ್ನೂ ಟೇಪಿನ ಮೇಲೆ ನಕಲು ಮಾಡಿಡುತ್ತಿತ್ತು. ಪ್ರತಿ ಟೇಪಿಗೂ ಒಂದು ಗುರುತಿನ ನಂಬರು, ಆ ನಂಬರಿನ ಟೇಪನ್ನೇ ವಾಲ್ಯೂಮ್ ಎನ್ನುವುದು. ಯಾವ ವಾಲ್ಯೂಮಿನಲ್ಲಿ ಏನಿದೆ, ಅದು ಎಲ್ಲಿದೆ, ಎಂದಿನವರೆಗೆ ಇಡಬೇಕು ಎಂಬುದೆಲ್ಲ ಟೇಪ್ ವ್ಯವಸ್ಥೆಗೆ ನೆನಪಿರುತ್ತದೆ. ಅವಧಿ ಮುಗಿದ ಟೇಪ್ ಮತ್ತೆ ಖಾಲಿ ಟೇಪುಗಳ ಸಾಲಿಗೆ ಬರಬೇಕು. ತೀರ ಸವೆದದ್ದನ್ನು ವ್ಯವಸ್ಥೆಯಿಂದ ಅಳಿಸಿ, ಟೇಪನ್ನು ಪುಡಿ ಮಾಡಿ ಎಸೆಯಬೇಕು. ನಿಯಮದಲ್ಲಿ ಹಾಗೆ ಬರೆದಿದೆ.

ನನ್ನ ಮೊದಲ ಸಾಹೇಬರಿಗೆ ನಿಯಮಕ್ಕಿಂತ ಭಯ ದೊಡ್ಡದಿತ್ತು. ಯಾವ ಟೇಪ್ ತೋರಿಸಿದರೂ ‘ಇರಲಿ ಬಿಡ್ರಿ’ ಎನ್ನುತ್ತಿದ್ದರು. ಎಂದೆಂದಿಗೂ ಇಡತಕ್ಕದ್ದು ಎಂದು ವ್ಯವಸ್ಥೆಗೆ ಹೇಳುವ ಒಂದು ತಾರೀಖಿತ್ತು. ಸಾಹೇಬರು ಅದನ್ನು ಎಲ್ಲದಕ್ಕೂ ಹಾಕಿಸಿದರು. ಕ್ಯಾಂಟೀನಿನ ಊಟದ ಕೂಪನ್ನಿನ ಲೆಕ್ಕಕ್ಕೂ ನಮ್ಮಲ್ಲಿ ಅಮರತ್ವ ಸಿಕ್ಕಿತ್ತು. ಖಾಲಿ ಟೇಪ್ ಸಿಗದೆ ಯಂತ್ರ ನಿಂತಾಗಲೆಲ್ಲ ಅವರು ಹೊಸ ಟೇಪ್ ತರಿಸುತ್ತಿದ್ದರೇ ಹೊರತು ಹಳೆಯದನ್ನು ಅಳಿಸಲು ಸಹಿ ಹಾಕಲಿಲ್ಲ. ಅವರ ಮನೆಯ ಅಟ್ಟ ಹೇಗಿದ್ದೀತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಒಂದು ಮಳೆಗಾಲ ಕೃಷ್ಣೆ ಊರೊಳಗೆ ಬಂದವಳು ನಮ್ಮ ತಳಮನೆಗೂ ಇಳಿದಳು. ಕೆಳಗಿನ ಕಪಾಟಿನ ದುಂಡು ಟೇಪುಗಳು ಕೆಸರಲ್ಲಿ ಕಲಸಿಹೋದವು. ಅವುಗಳನ್ನು ಗೋಣಿಚೀಲದಲ್ಲಿ ತುಂಬಿ ಎಸೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ವ್ಯವಸ್ಥೆಯಿಂದ ಅಳಿಸಲು ಸಾಹೇಬರು ಒಪ್ಪಲಿಲ್ಲ, ಅಳಿಸಿದರೆ ಕಳೆದದ್ದನ್ನು ಒಪ್ಪಿಕೊಂಡಂತೆ ಆಗುತ್ತದಂತೆ. ಹೀಗಾಗಿ ಯಂತ್ರವು ಆಗಾಗ ತೀರಿಹೋದ ಟೇಪೊಂದರ ಹೆಸರು ಹಿಡಿದು ‘ಯಂತ್ರಕ್ಕೆ ಹಚ್ಚಿರಿ’ ಎಂದು ಕೇಳುತ್ತಿತ್ತು. ಸಾಹೇಬರು ಕಲಿಸಿಕೊಟ್ಟ ಉತ್ತರ ‘ಹುಡುಕಾಟ ನಡೆದಿದೆ’. ಅವರು ನಿವೃತ್ತರಾಗುವವರೆಗೂ ಆ ಹುಡುಕಾಟ ನಡೆದೇ ಇತ್ತು.

ಆ ಪ್ರವಾಹದಿಂದ ಒಂದು ಒಳ್ಳೆಯದಾಯಿತು. ಮುಖ್ಯವಾದ ಪ್ರತಿ ಟೇಪಿಗೂ ಒಂದು ಜೋಡಿ ನಕಲು ಮಾಡಿ ಮಿರಜದ ಗೋದಾಮಿನಲ್ಲಿಡಬೇಕೆಂದು ತೀರ್ಮಾನವಾಯಿತು. ಒಯ್ಯುವುದು ರಿಕ್ಷಾದಲ್ಲಿ, ಪೆಟ್ಟಿಗೆ ನನ್ನ ತೊಡೆಯ ಮೇಲೆ. ನಮ್ಮ ಕಡೆಯ ರಿಕ್ಷಾದವರು ಹಿಂದಿನ ಸೀಟಿನ ಕೆಳಗೆ ಎಂಥ ಸ್ಪೀಕರ್ ಕೂಡಿಸಿರುತ್ತಾರೆಂದರೆ ಅದರ ಅಯಸ್ಕಾಂತಕ್ಕೆ ಟೇಪಿನ ಅಕ್ಷರ ಅಳಿಸಿಹೋದೀತೆಂದು ಸಾಹೇಬರಿಗೆ ಇನ್ನೊಂದು ಭಯ ಹತ್ತಿತು. ಹಾಡು ಹಾಕದ ರಿಕ್ಷಾ ಹುಡುಕಬೇಕೆಂದು ಲಿಖಿತ ಆದೇಶ ಹೊರಟಿತು. ಗಣಪತಿ ಹಬ್ಬದಲ್ಲಿ ಸಾಂಗ್ಲಿಯಿಂದ ಮಿರಜಕ್ಕೆ ಹಾಡು ಹಾಕದ ರಿಕ್ಷಾ ಹುಡುಕಿ ನೋಡಿ, ಸಾಹೇಬರನ್ನು ಎಷ್ಟು ಬೈದಿದ್ದೇನೆಂದು ಗೊತ್ತಾಗುತ್ತದೆ.

ಇನ್ನು ಎಸೆಯುವ ಟೇಪುಗಳ ಮಾತು. ವ್ಯವಸ್ಥೆಯಿಂದ ಅಳಿಸದಿದ್ದರೂ ತುಂಡಾಗಿ ಕೆಟ್ಟವು ಕೋಣೆಯಿಂದ ಹೊರಗೆ ಬೀಳುತ್ತಲೇ ಇದ್ದವು. ನಿಯಮದ ಪ್ರಕಾರ ಅವು ಪುಡಿಯಾಗಬೇಕು. ಪುಡಿ ಮಾಡುವ ಯಂತ್ರವನ್ನೂ ತರಿಸಿದ್ದರು, ಅದರ ಮೇಲೆ ನಾವು ಚಹಾದ ಕಪ್ಪು ಇಡುತ್ತಿದ್ದೆವು. ಟೇಪಿನ ಒಳಗಿನ ಕರಿ ರಿಬ್ಬನ್ನನ್ನು ಹೊಲದಲ್ಲಿ ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟಿದರೆ ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಇದನ್ನು ಮೊದಲು ಕಂಡುಹಿಡಿದವರು ಯಾರೋ ಗೊತ್ತಿಲ್ಲ, ನಾನು ಸೇರುವಾಗಲೇ ಅದು ಕಚೇರಿಯ ಪದ್ಧತಿಯಾಗಿತ್ತು. ಹೊಲವಿದ್ದ ಸಿಪಾಯಿ, ತೋಟವಿದ್ದ ಸಾಹೇಬ ಎಲ್ಲರೂ ಒಯ್ಯುತ್ತಿದ್ದರು, ಯಾರೂ ಆ ಬಗ್ಗೆ ಮಾತಾಡುತ್ತಿರಲಿಲ್ಲ. ನಾನೊಬ್ಬಳು ಒಯ್ಯಲಿಲ್ಲ. ಖಂಡೇರಾಜುರಿಯಲ್ಲಿರುವ ನಮ್ಮಣ್ಣ ಕಬ್ಬು ಬೆಳೆಯುತ್ತಾನೆ, ಕಬ್ಬಿಗೆ ಹಕ್ಕಿಯ ಕಾಟವಿಲ್ಲ. ನನ್ನ ಪ್ರಾಮಾಣಿಕತೆಯ ಗುಟ್ಟು ಇಷ್ಟೇ.

ಚೀಲ ಹೊತ್ತು ಹಂಚುತ್ತಿದ್ದವನು ನಮ್ಮ ಆಪರೇಟರ್ ಬಾಳು ಮಗದುಮ್. ಕಸಬೆ ಡಿಗ್ರಜದವನು. ವಯಸ್ಸಿನ ಒಳ್ಳೆಯ ವರ್ಷಗಳನ್ನೆಲ್ಲ ದಿನಗೂಲಿಯ ಮೇಲೆ ಕಳೆದು, ತಲೆ ನರೆತ ಮೇಲೆ ಕಾಯಂ ಆದವನು. ಕಾಯಂ ಆದ ದಿನ ಅವನು ಅತ್ತಿದ್ದನ್ನು ನೋಡಿದ ಮೇಲೆ ಅವನ ಮೇಲೆ ಸಿಟ್ಟು ಮಾಡುವುದು ನನಗೆ ಕಷ್ಟವಾಯಿತು. ಸಿಟ್ಟು ಮಾಡಲು ಬೇಕಾದಷ್ಟು ಕಾರಣ ಕೊಡುತ್ತಿದ್ದನೆಂಬುದು ಬೇರೆ ಮಾತು.

ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮೊದಲು ಇನಾಮದಾರ ಸಾಹೇಬರು ನಮ್ಮ ವಿಭಾಗದ ಮುಖ್ಯಸ್ಥರಾದರು. ಅದೇ ಕಚೇರಿಯಲ್ಲಿ ಮೇಲೇರಿ ಬಂದವರು. ಬೈಯುವಾಗ ಮರಾಠಿ, ಕೆಲಸ ಬೇಕಾದಾಗ ಕನ್ನಡ ಆಡುವುದು ಅವರ ಕ್ರಮ. ಅವರು ಕುರ್ಚಿಯ ಮೇಲೆ ಕೂತ ವರ್ಷವೇ ಲೆಕ್ಕ ತಪಾಸಣೆಯವರು ಬಂದು, ನಿಮ್ಮ ವ್ಯವಸ್ಥೆಯಲ್ಲಿ ಬದುಕಿರುವ ಟೇಪುಗಳಿಗಿಂತ ಸತ್ತ ಟೇಪುಗಳೇ ಹೆಚ್ಚಾಗಿವೆ ಎಂದು ಬರೆದುಹೋದರು. ಇನಾಮದಾರ ಸಾಹೇಬರಿಗೆ ಹೆಸರು ಮಾಡುವ ದಾರಿ ಸಿಕ್ಕಿತು. ನಮ್ಮನ್ನೆಲ್ಲ ಕರೆದು ಎರಡು ಪ್ರಶ್ನೆ ಕೇಳಿದರು. “ಲೈಬ್ರರಿಯೊಳಗ ಇಲ್ಲದ್ದು ಸಿಸ್ಟಮ್‌ದಾಗ ಯಾಕ? ಸಿಸ್ಟಮ್‌ದಾಗ ಇಲ್ಲದ್ದು ಲೈಬ್ರರಿಯೊಳಗ ಯಾಕ?” ಕೇಳಲು ಬಹಳ ಚೆನ್ನಾಗಿತ್ತು. ಮರುದಿನ ಅದನ್ನೇ ನಿಯಮ ಮಾಡಿದರು.

ಅಷ್ಟರಲ್ಲಿ ನಮ್ಮಲ್ಲಿ ರೋಬೋಟ್ ಬಂದಿತ್ತು. ದೊಡ್ಡ ಕಪಾಟಿನಂಥ ಯಂತ್ರ, ಒಳಗೆ ಗೂಡುಗೂಡಾಗಿ ಟೇಪಿನ ಕ್ಯಾರ್ಟ್ರಿಜ್‌ಗಳು, ನಡುವೆ ಓಡಾಡುವ ಒಂದು ಕೈ. ಕೈಗೆ ಒಂದು ಕಣ್ಣು. ಕ್ಯಾರ್ಟ್ರಿಜ್ ಮೇಲಿನ ಬಾರ್‌ಕೋಡ್ ಓದಿ ಯಾವುದು ಯಾವುದೆಂದು ಗುರುತು ಹಿಡಿಯುವುದು ಅದರ ಕೆಲಸ. ಓದಲಾಗದ್ದನ್ನು ಅದು ಹೊರಗೆ ತಳ್ಳುತ್ತಿತ್ತು. ಸಾಹೇಬರ ನಿಯಮದಂತೆ ಪ್ರತಿ ಶನಿವಾರ ಒಂದು ಪ್ರೋಗ್ರಾಂ ತಾನಾಗಿ ಓಡಿ, ಲೈಬ್ರರಿಯಲ್ಲಿದೆಯೆಂದು ವ್ಯವಸ್ಥೆ ಹೇಳುವ ಯಾವ ವಾಲ್ಯೂಮ್ ರೋಬೋಟಿನ ಕಣ್ಣಿಗೆ ಬೀಳುವುದಿಲ್ಲವೋ ಅದನ್ನು ಅಳಿಸುತ್ತಿತ್ತು. ಒಮ್ಮೆ ಮನುಷ್ಯ ನೋಡಿ ಆಮೇಲೆ ಅಳಿಸಲಿ ಎಂದು ನಾನು ಹೇಳಿದೆ. ಮನುಷ್ಯ ನೋಡಿದರೆ ತಡವಾಗುತ್ತದೆ ಎಂದರು ಸಾಹೇಬರು.

ದಸರೆ ಬಂತು. ನಮ್ಮ ಕಡೆ ಖಂಡೇನವಮಿಗೆ ಯಾವ ಸಲಕರಣೆಯಿಂದ ಅನ್ನ ಹುಟ್ಟುತ್ತದೋ ಅದಕ್ಕೆ ಪೂಜೆ. ಕುಡುಗೋಲು, ತಕ್ಕಡಿ, ಮೋಟಾರ್ ಸೈಕಲ್ ಯಾವುದೂ ಬಿಡುವುದಿಲ್ಲ. ಮೊದಲೆಲ್ಲ ಟೇಪ್ ಕೋಣೆಯ ಬಾಗಿಲಿಗೆ ಒಂದು ಹಾರ ಹಾಕಿ ಮುಗಿಸುತ್ತಿದ್ದೆವು. ಆ ವರ್ಷ ನಾನು ರಜೆಯ ಮೇಲಿದ್ದೆ. ಇನಾಮದಾರ ಸಾಹೇಬರಿಗೆ ಹೊರಗಿನ ಹಾರದಿಂದ ಸಮಾಧಾನವಾಗಲಿಲ್ಲ. ರೋಬೋಟಿನ ಬಾಗಿಲು ತೆಗೆಸಿದರು. ಒಳಗಿನ ಎಲ್ಲ ಕ್ಯಾರ್ಟ್ರಿಜ್‌ಗಳಿಗೆ ಪೂಜೆ ಮಾಡುತ್ತ ಕೂತರೆ ಸಂಜೆಯಾಗುತ್ತದೆ, ಹಾಗಾಗಿ ಲಕ್ಷ್ಮಿ ಇರುವಂಥವನ್ನು ಮಾತ್ರ ತೋರಿಸು ಎಂದು ಬಾಳುವಿಗೆ ಹೇಳಿದರು. ಅವನು ಆಗಷ್ಟೇ ಮುಗಿದಿದ್ದ ಮೂರು ತಿಂಗಳ ಪಕ್ಕಾ ಲೆಕ್ಕದ ಟೇಪುಗಳನ್ನು ತೋರಿಸಿದ. ಸಾಹೇಬರು ಸ್ವಹಸ್ತದಿಂದ ಒಂದೊಂದಕ್ಕೂ ಅರಿಶಿನ ಕಲಸಿ ಬಳಿದು, ಮೇಲೆ ಕುಂಕುಮ ಇಟ್ಟು, ಅಕ್ಷತೆಯನ್ನೂ ಅಂಟಿಸಿದರು. ಸಾಂಗ್ಲಿಯಲ್ಲಿ ಅರಿಶಿನಕ್ಕೆ ಬರವಿಲ್ಲ. ಹಚ್ಚಲು ಕ್ಯಾರ್ಟ್ರಿಜ್‌ನಲ್ಲಿ ಕಣ್ಣಿಗೆ ಬೀಳುವ ಜಾಗ ಒಂದೇ, ಬಾರ್‌ಕೋಡ್ ಇರುವ ಬೆನ್ನು. ಮಿರಜದ ಗೋದಾಮಿಗೂ ಹೋಗುವ ಮನಸ್ಸಿತ್ತಂತೆ. ಆದರೆ ಅಂದು ಕಚೇರಿಯ ಗಾಡಿಗೂ ಪೂಜೆಯಾಗಿ, ಅದು ಹಾರ ಹಾಕಿಕೊಂಡು ನಿಂತಿತ್ತು.

ಬಾಗಿಲು ಮುಚ್ಚಿದ ಕೂಡಲೇ ರೋಬೋಟ್ ಎಣಿಕೆಗೆ ಹೊರಟಿತು. ಅರಿಶಿನದ ಹಿಂದೆ ಏನಿದೆಯೆಂದು ಅದಕ್ಕೆ ತಿಳಿಯಲಿಲ್ಲ. ಆ ವಾಲ್ಯೂಮ್‌ಗಳು ಇಲ್ಲ ಎಂದು ವ್ಯವಸ್ಥೆಗೆ ಹೇಳಿ, ಕ್ಯಾರ್ಟ್ರಿಜ್‌ಗಳನ್ನು ಹೊರಗೆ ತಳ್ಳಿತು. ಶನಿವಾರದ ಪ್ರೋಗ್ರಾಂ ಬಂದು, ಲೈಬ್ರರಿಯೊಳಗೆ ಇಲ್ಲದ್ದು ಸಿಸ್ಟಮ್‌ನಲ್ಲಿ ಯಾಕೆ ಎಂದು ಅವುಗಳನ್ನು ಅಳಿಸಿತು. ಸೋಮವಾರ ಬಾಳು ಹೊರಗೆ ಬಿದ್ದ ಕ್ಯಾರ್ಟ್ರಿಜ್‌ಗಳ ಮೇಲಿನ ಅಕ್ಕಿ ಉದುರಿಸಿ, ಕುಂಕುಮದ ಸಂದಿನಲ್ಲಿ ನಂಬರು ಓದಿ, ವ್ಯವಸ್ಥೆಯನ್ನು ಕೇಳಿದ. ಅಂಥವು ನನ್ನಲ್ಲಿ ಇಲ್ಲ ಎಂದಿತು ವ್ಯವಸ್ಥೆ. ಸಿಸ್ಟಮ್‌ನಲ್ಲಿ ಇಲ್ಲದ್ದು ಲೈಬ್ರರಿಯೊಳಗೆ ಯಾಕೆ? ಬಾಳು ಚೀಲಕ್ಕೆ ತುಂಬಿದ. ಸಂಸ್ಥೆಯಲ್ಲಿ ಅತಿ ಮುಖ್ಯವಾದ ಟೇಪುಗಳನ್ನು ಹೀಗೆ ಆರಿಸಿ ಆರಿಸಿ, ಮಂಗಳಾರತಿ ಮಾಡಿ ಕಸಕ್ಕೆ ಹಾಕಿದ್ದಾಯಿತು.

ಆ ವಾರ ಅಳಿಸಿದ ವಾಲ್ಯೂಮ್‌ಗಳ ಸಂಖ್ಯೆ ಎಂದಿಗಿಂತ ಹೆಚ್ಚು ಬಂದದ್ದಕ್ಕೆ ಸಾಹೇಬರು ಪೇಢೆ ಹಂಚಿದರು. ಪುಣೆಯ ಮುಖ್ಯ ಕಚೇರಿಯಿಂದ ಅಭಿನಂದನೆಯ ಪತ್ರ ಬಂತು. ಸಂಖ್ಯೆ ಏರಿದ್ದಕ್ಕೆ ಪೇಢೆ ಹಂಚುವ ಕಡೆ ಯಾವ ಟೇಪ್ ಹೋಯಿತೆಂದು ಕೇಳುವವರು ಇರಲಿಲ್ಲ. ರಜೆ ಮುಗಿಸಿ ಬಂದ ನಾನೂ ಪೇಢೆ ತಿಂದೆ, ಚೆನ್ನಾಗಿತ್ತು.

ಹೊಸ ವರ್ಷದ ಆರಂಭದಲ್ಲಿ ಮುಂದಿನ ಮೂರು ತಿಂಗಳ ಲೆಕ್ಕ ಮಾಡಲು ಯಂತ್ರ ಹಿಂದಿನ ಟೇಪನ್ನು ಕೇಳಿದಾಗ ಎಲ್ಲ ಹೊರಬಿತ್ತು. ನಾನು ಹಾಡು ಹಾಕಿದ ರಿಕ್ಷಾದಲ್ಲೇ ಮಿರಜಕ್ಕೆ ಓಡಿದೆ. ಅಲ್ಲಿ ಜೋಡಿ ಟೇಪುಗಳು ಪೂಜೆಯಿಲ್ಲದೆ ಸುಖವಾಗಿದ್ದವು. ಅವನ್ನು ತಂದು ಹಚ್ಚಿ, ಲೆಕ್ಕ ಮುಗಿಸಿದೆವು. ಸಂಸ್ಥೆಯ ಒಂದಕ್ಷರವೂ ಕಳೆಯಲಿಲ್ಲ. ಇನ್ನು ಉಳಿಯಬೇಕಾದವನು ಬಾಳು ಒಬ್ಬನೇ.

ಏಕೆಂದರೆ ಸುದ್ದಿ ಪುಣೆಗೆ ಮುಟ್ಟಿ, ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬರುತ್ತೇವೆಂದಿದ್ದರು. ಅಭಿನಂದನೆಯ ಪತ್ರ ಪಡೆದ ಸಾಹೇಬರಿಗೆ ತಪ್ಪು ತಮ್ಮದಾಗುವಂತಿರಲಿಲ್ಲ. ಪೂಜೆಯದಂತೂ ಆಗುವಂತಿರಲಿಲ್ಲ. ಕ್ಯಾರ್ಟ್ರಿಜ್‌ಗಳು ಎಲ್ಲಿ ಹೋದವೆಂದು ಕೇಳಿದಾಗ ಬಾಳು ಹಿಂದುಮುಂದು ನೋಡದೆ ಹೇಳಿಬಿಟ್ಟ. ಡಿಗ್ರಜದ ತನ್ನ ತಂಗಿಯ ಜೋಳದ ಹೊಲದಲ್ಲಿ ಕಟ್ಟಿದ್ದೇನೆ ಎಂದ. ಸಾಹೇಬರಿಗೆ ಬೇಕಾದದ್ದು ಸಿಕ್ಕಿತು. ಸಂಸ್ಥೆಯ ಮಾಹಿತಿಯನ್ನು ವ್ಯವಸ್ಥೆಯಿಂದ ಅಳಿಸಿ, ಕದ್ದು, ಹೊಲಕ್ಕೆ ಸಾಗಿಸಿದ್ದಾನೆಂದು ಮೆಮೊ ತಯಾರಾಯಿತು. ಪುಣೆಯವರು ಬಂದಾಗ ಅವರನ್ನು ಜೀಪಿನಲ್ಲಿ ಡಿಗ್ರಜಕ್ಕೆ ಕರೆದೊಯ್ದು ಹೊಲದ ಫೋಟೊ ತೆಗೆಸುವುದೆಂದು ನಿಶ್ಚಯವಾಯಿತು. ಫೋಟೊ ಬಂದರೆ ಬಾಳುವಿನ ನೌಕರಿ ಅಂದೇ ಹೋಗುತ್ತಿತ್ತು.

ಅವನು ಟೇಪ್ ಕೋಣೆಗೆ ಬಂದು ಗೋಡೆಗೆ ಆನಿಕೊಂಡು ನಿಂತ. “ಅಕ್ಕಾ, ನಾ ಕದ್ದಿಲ್ಲರಿ,” ಅಂದ. “ಒಗಿ ಅಂದ್ರು, ಒಗದೆ. ಹೊಲದಾಗ ಒಗದೆ.” ಅದಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಡುವೆ ಸಂಕ್ರಾಂತಿ ಬಂತೆಂದು ಎಳ್ಳುಬೆಲ್ಲ ಹಿಡಿದು ಖಂಡೇರಾಜುರಿಗೆ, ಅಣ್ಣನ ಮನೆಗೆ ಹೋದೆ. ಅಣ್ಣನ ಕಬ್ಬಿನ ಬಾಜುವಿಗೆ ಒಂದು ದ್ರಾಕ್ಷಿ ತೋಟವಿದೆ, ಕಾಯಿಗೆ ಸಿಹಿ ಇಳಿಯುವ ಹೊತ್ತು. ಬದುವಿನ ಮೇಲೆ ನಡೆಯುತ್ತಿದ್ದಾಗ ಗುಂಯ್ ಎಂಬ ಸದ್ದು ಕೇಳಿತು. ಸಾಲು ಸಾಲಿಗೆ ನಮ್ಮ ಕಚೇರಿಯ ರಿಬ್ಬನ್ನು ಮಿಂಚುತ್ತಿತ್ತು. ಗಾಳಿಗೆ ಹಾರದಿರಲೆಂದು ರಿಬ್ಬನ್ನಿನ ತುದಿಗೆ ಖಾಲಿ ಕ್ಯಾರ್ಟ್ರಿಜ್ ಇಳಿಬಿಟ್ಟಿದ್ದರು. ಒಂದನ್ನು ತಿರುಗಿಸಿ ನೋಡಿದೆ. ಮಾಸಿದ ಅರಿಶಿನ, ಕುಂಕುಮದ ಕಲೆ, ಒಂದು ಅಕ್ಕಿಕಾಳು ಕೂಡ ಇನ್ನೂ ಅಂಟಿಕೊಂಡಿತ್ತು. ಇದು ಯಾರ ತೋಟವೆಂದು ಕೇಳುವ ಅಗತ್ಯವಿರಲಿಲ್ಲ, ಗೇಟಿನ ಬೋರ್ಡಿನ ಮೇಲೆ ಇನಾಮದಾರ ಎಂದು ಬರೆದಿತ್ತು. ಸಾಹೇಬರು ಸಣ್ಣ ಹುದ್ದೆಯಲ್ಲಿದ್ದಾಗ ತೋಟಕ್ಕೆ ವರ್ಷಕ್ಕೊಂದು ಚೀಲ ಕಳಿಸೆಂದು ಹೇಳಿದ್ದರಂತೆ. ಬೇಡವೆಂದು ಯಾರೂ ಹೇಳದ ಕಾರಣ ಚೀಲ ಹೋಗುತ್ತಲೇ ಇತ್ತು. ಆ ಸಲ ಅರಿಶಿನದ ಟೇಪುಗಳಲ್ಲಿ ಅರ್ಧ ಡಿಗ್ರಜದ ಹೊಲಕ್ಕೆ, ಅರ್ಧ ಈ ತೋಟಕ್ಕೆ ಬಂದಿದ್ದವು. ತೋಟ ನೋಡಲು ಸಾಹೇಬರು ಬರುತ್ತಿದ್ದದ್ದು ಹಣ್ಣು ಕೀಳುವಾಗ ಮಾತ್ರ.

ಮರಳಿ ಬಂದು ಬಾಳುವನ್ನು ಕೇಳಿದೆ. ಇದನ್ನು ಯಾಕೆ ಹೇಳಲಿಲ್ಲವೋ ಎಂದು ಗದರಿದೆ. ಸಾಹೇಬರ ಹೆಸರು ಹೇಗೆ ಹೇಳಲಿ, ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಿದವರೇ ಅವರು ಎಂದ.

ಪುಣೆಯವರು ಬರುವ ದಿನ ಬೆಳಿಗ್ಗೆ ಸಾಹೇಬರು ನನ್ನನ್ನು ಕ್ಯಾಬಿನ್ನಿಗೆ ಕರೆದರು. ಕನ್ನಡದಲ್ಲಿ ‘ಬರ್ರಿ ಶಾಂತಾಬಾಯಿ, ಕುಂದರ್ರಿ’ ಅಂದಾಗಲೇ ಏನೋ ಕೆಲಸ ಬೇಕಾಗಿದೆ ಎಂದುಕೊಂಡೆ. ಬಾಳು ಟೇಪ್ ಕದ್ದದ್ದು ನಿಜವೆಂದು ಲೈಬ್ರರಿಯನ್ ಆದ ನಾನು ಸಹಿ ಹಾಕಬೇಕಿತ್ತು. ಕಾಗದ ನನ್ನ ಮುಂದೆ ಸರಿಸಿ, ಪೆನ್ನಿನ ಟೊಪ್ಪಿಗೆಯನ್ನೂ ತಾವೇ ತೆಗೆದುಕೊಟ್ಟರು. ನನಗೆ ಸಿಟ್ಟು ಬಂದಿತ್ತು. ಆದರೆ ಸಿಟ್ಟು ಬಂದಾಗ ನನ್ನ ಮಾತು ಮೆತ್ತಗಾಗುತ್ತದೆಂದು ಮನೆಯವರು ಹೇಳುತ್ತಾರೆ.

“ಸಾಹೇಬ್ರ, ಪುಣೆಯವ್ರು ಹೆಂಗೂ ಡಿಗ್ರಜಕ್ಕ ಹೊಂಟಾರ. ಹಂಗ ಖಂಡೇರಾಜುರಿಗೂ ಬಂದು ಹೋಗ್ಲಿ,” ಅಂದೆ. “ನಮ್ಮಣ್ಣನ ಮನ್ಯಾಗ ಊಟ ಮಾಡಸ್ತೀನಿ. ಬಾಜೂಕ ಒಂದು ದ್ರಾಕ್ಷಿ ತ್ವಾಟ ಐತಿ, ನೋಡೂವಂಥಾದ್ದು.”

ಸಾಹೇಬರು ಮರಾಠಿಗೆ ಬಂದರು. ಯಾರ ತೋಟ ಎಂದು ಕೇಳಿದರು.

“ಬೋರ್ಡಿನ ಮ್ಯಾಲ ನಿಮ್ಮ ಹೆಸರ ಐತ್ರಿ. ಕ್ಯಾರ್ಟ್ರಿಜ್ ಮ್ಯಾಲ ನಿಮ್ಮ ಅರಿಶಿನ ಐತಿ.”

ಅವರು ಗ್ಲಾಸು ಎತ್ತಿ ನೀರು ಕುಡಿದರು. ಆಮೇಲೆ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡು, ಮಡಚಿ, ಡ್ರಾವರಿನಲ್ಲಿಟ್ಟು ಕೀಲಿ ಹಾಕಿದರು. ನಾನೇ ಎದ್ದು ಬಂದೆ. ಅವರ ಪೆನ್ನು ನನ್ನ ಕೈಯಲ್ಲೇ ಉಳಿದಿತ್ತು, ಇನ್ನೂ ಚೆನ್ನಾಗಿ ಬರೆಯುತ್ತದೆ.

ಪುಣೆಯವರು ಬಂದರು, ಏಸಿ ಕೋಣೆಯಲ್ಲಿ ಕೂತರು, ಡಿಗ್ರಜಕ್ಕೆ ಹೋಗುವ ರಸ್ತೆ ಸರಿಯಿಲ್ಲವೆಂದು ಕೇಳಿ ನಂಬಿದರು. ನದಿ ಹತ್ತಿರವಿರುವ ಕಾರಣ ಹವೆಯ ತೇವಕ್ಕೆ ಬಾರ್‌ಕೋಡ್‌ಗಳು ಹಾಳಾಗಿ, ರೋಬೋಟ್ ಓದಲಾರದೆ ಹೋಯಿತೆಂದು ವರದಿಯಲ್ಲಿ ಬರೆದರು. ಒಟ್ಟಿನಲ್ಲಿ ತಪ್ಪು ಕೃಷ್ಣೆಯ ಮೇಲೆ ಬಿತ್ತು, ವಿವರಣೆ ಕೊಡಲು ಆಕೆ ಕಚೇರಿಗೆ ಬರುವವಳಲ್ಲ. ಹೊರಡುವಾಗ ಇಬ್ಬರ ಕಾರಿನಲ್ಲೂ ಒಂದೊಂದು ಪೆಟ್ಟಿಗೆ ದ್ರಾಕ್ಷಿ ಇಡಿಸಿದರು ಸಾಹೇಬರು. ಯಾವ ತೋಟದ್ದೆಂದು ನಾನು ಕೇಳಲಿಲ್ಲ. ಬಾಳು ಬಾಗಿಲಲ್ಲಿ ನಿಂತು ಅವರಿಗೆ ಕೈ ಮುಗಿದ. ಮುಂದಿನ ಖಂಡೇನವಮಿಯಿಂದ ಪೂಜೆಯನ್ನು ಬಾಗಿಲ ಹೊರಗೇ ಮುಗಿಸತಕ್ಕದ್ದೆಂದು ಆದೇಶವೂ ಹೊರಟಿತು, ಅದರಲ್ಲಿ ಕಾರಣ ಬರೆದಿರಲಿಲ್ಲ.

ಅಂದು ಸಂಜೆಯೇ ಸಾಹೇಬರ ತೋಟದಲ್ಲಿ ಆಳು ಬಿಟ್ಟು ರಿಬ್ಬನ್ನನ್ನೆಲ್ಲ ಇಳಿಸಿ ಸುಟ್ಟರೆಂದು ನಮ್ಮಣ್ಣ ಫೋನ್ ಮಾಡಿ ಹೇಳಿದ. ನಾಲ್ಕಾರು ದಿನ ಕಳೆದವು. ಬಾಳು ಟೇಪ್ ಕೋಣೆಗೆ ಬಂದು ಬಾಗಿಲು ಮುಚ್ಚಿದ. ಅವನ ಮುಖ ಕಂಡು ಮತ್ತೆ ಮೆಮೊ ಬಂತೇನೋ ಎಂದುಕೊಂಡೆ.

“ಸಾಹೇಬ್ರು ಕೇಳಾಕತ್ತಾರ್ರಿ ಅಕ್ಕಾ,” ಅಂದ. “ಅಳಿಸಿದ ಟೇಪ ಏನರ ಉಳದಾವೇನಂತ. ತ್ವಾಟದಾಗ ಹಕ್ಕಿ ಭಾಳ ಬೀಳಾಕತ್ತಾವಂತ.”

“ಬರದು ಕೊಡ್ರಿ ಅಂತ ಹೇಳು,” ಅಂದೆ.

ಹೊಸ ಹುಡುಗಿಗೆ ಹೇಳಲು ಉಳಿದದ್ದು ಈ ಒಂದು ಮಾತು, ಬರೆದುಕೊಡಿ ಎಂದು ಕೇಳುವುದು. ಸಾಹೇಬರು ಬರೆದುಕೊಡಲಿಲ್ಲ. ಆ ಸಲ ಖಂಡೇರಾಜುರಿಯ ಹಕ್ಕಿಗಳು ಹೊಟ್ಟೆ ತುಂಬ ದ್ರಾಕ್ಷಿ ತಿಂದವು.